ಆಕ್ಸಿಜನ್ ಕಾನ್ಸಂಟ್ರೇಟರ್ ದಾನ ಕೊಡುವ ಸಂಸ್ಥೆಗಳಿಗೆ: ಯಂತ್ರ ಕೆಡದೆ ಉಳಿಯಲು ಏನೇನು ಬೇಕು

ಆಕ್ಸಿಜನ್ ಕಾನ್ಸಂಟ್ರೇಟರ್ ಎಂದರೆ ಸುತ್ತಲಿನ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ರೋಗಿಗೆ ಕೊಡುವ, ಕರೆಂಟಿನಿಂದ ಓಡುವ ಯಂತ್ರ. ಬಡ ದೇಶದ ಆಸ್ಪತ್ರೆಗೆ ಎಷ್ಟು ಯಂತ್ರ ಕಳಿಸಬೇಕೆಂದು ತೀರ್ಮಾನಿಸುವ ಮೊದಲು ಅಲ್ಲಿನ ವಾರ್ಡಿಗೆ ಕರೆಂಟು ಹೇಗೆ ಬರುತ್ತದೆ ಎಂದು ಅಳೆಸಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿ ಬರೆದಿಡಲಿ. ಏರಿಳಿತ ಹೆಚ್ಚಿದ್ದರೆ ಪ್ರತಿ ಯಂತ್ರಕ್ಕೂ ಸ್ಟೆಬಿಲೈಸರ್ ಜೊತೆಗೇ ಹೋಗಬೇಕು. ಇಲ್ಲದಿದ್ದರೆ ಸರ್ಕ್ಯೂಟ್ ಬೋರ್ಡ್ ಸುಡುತ್ತದೆ, ಆ ಬೋರ್ಡ್ ಅಲ್ಲಿ ಸಿಗುವುದಿಲ್ಲ.

ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ದಿನವಿಡೀ ಓಡಿದರೆ 8 ಯೂನಿಟ್ ದಾಟುತ್ತದೆ. ಕರೆಂಟು ಹೋದಾಗ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯೊಂದು ಲೆಕ್ಕದಲ್ಲಿ 5 ಗಂಟೆ ತಾಳಬೇಕು. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹಾಳಾಗುವುದರಿಂದ ಎರಡೂವರೆ ಗಂಟೆ ಎಂದೇ ಹಿಡಿಯಿರಿ. ಹಾಗಾಗಿ ತುಂಬಿದ ಆಕ್ಸಿಜನ್ ಸಿಲಿಂಡರ್, ಅದರ ರೆಗ್ಯುಲೇಟರ್ ಪಕ್ಕದಲ್ಲಿ ಇರಲೇಬೇಕು.

ಕರೆಂಟಿನ ಆವರ್ತನ 60 ಹರ್ಟ್ಸ್ ಇರುವ ದೇಶದ ಹಳೆಯ ಯಂತ್ರಗಳನ್ನು 50 ಹರ್ಟ್ಸ್ ದೇಶಕ್ಕೆ ಕಳಿಸಬೇಡಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಮಾಡುತ್ತದೆ, ಹರ್ಟ್ಸನ್ನಲ್ಲ. ಕಂಪ್ರೆಸರ್ ಮೋಟಾರು ನಿಧಾನವಾಗಿ ತಿರುಗುತ್ತದೆ, ಬಿಸಿಯಾಗುತ್ತದೆ, ಗಾಳಿ ಸಾಲದೆ ಆಕ್ಸಿಜನ್ ಪ್ರಮಾಣ ಇಳಿಯುತ್ತದೆ. ಸದ್ದು ಮಾತ್ರ ಎಂದಿನಂತೆ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ.

ಅಪಾಯ ಇರುವುದು ಅಲ್ಲೇ: ಟ್ಯೂಬಿನಿಂದ ಗಾಳಿ ಬರುತ್ತಿರುತ್ತದೆ, ಅದರಲ್ಲಿ ಸಾಕಷ್ಟು ಆಕ್ಸಿಜನ್ ಇರುವುದಿಲ್ಲ. ಯಂತ್ರದೊಳಗಿನ ಜಿಯೋಲೈಟ್ ಹರಳುಗಳು ನೈಟ್ರೋಜನ್ ಹಿಡಿದಿಟ್ಟು ಆಕ್ಸಿಜನ್ ಬಿಡುತ್ತವೆ. ತೇವ ಹೊಕ್ಕರೆ ಆ ಶಕ್ತಿ ಕುಂದುತ್ತದೆ. ಆದ್ದರಿಂದ ಆಕ್ಸಿಜನ್ ಎಷ್ಟು ಶೇಕಡಾ ಇದೆ ಎಂದು ಅಳೆಯುವ ಅನಲೈಸರ್ ಇಲ್ಲದೆ ಯಂತ್ರ ಕೊಡುವುದು ಅರೆಬರೆ ಕೆಲಸ ಎಂದೇ ನಮ್ಮ ಅಭಿಪ್ರಾಯ. ಪರೀಕ್ಷೆ ಹೀಗಿರಲಿ: 10 ನಿಮಿಷ ಓಡಿಸಿ, ಹರಿವನ್ನು ಪೂರ್ತಿ 5 ಲೀಟರಿಗೆ ಏರಿಸಿ, ಆಮೇಲೆ ಅಳೆಯಿರಿ. 1 ಲೀಟರಿನಲ್ಲಿ ಅಳೆದರೆ ಸೊರಗಿದ ಯಂತ್ರವೂ ಒಳ್ಳೆಯ ಅಂಕಿ ತೋರಿಸುತ್ತದೆ. 90 ಶೇಕಡಾ ಮೇಲಿದ್ದರೆ ಸರಿ. 82 ಶೇಕಡಾಕ್ಕಿಂತ ಕೆಳಗಿಳಿದರೆ ವಾರ್ಡಿನಿಂದ ಹೊರಗಿಡಿ.

ಮಕ್ಕಳ ವಾರ್ಡಿನಲ್ಲಿ ಒಂದೇ ಯಂತ್ರ ಹಲವರಿಗೆ ಸಾಕಾಗಬಹುದು: ನವಜಾತ ಶಿಶುವಿಗೆ ನಿಮಿಷಕ್ಕೆ 0.5ರಿಂದ 1 ಲೀಟರ್, ತುಸು ದೊಡ್ಡ ಕೂಸಿಗೆ 1ರಿಂದ 2 ಲೀಟರ್. ಆದರೆ ಟ್ಯೂಬನ್ನು ಸುಮ್ಮನೆ ವೈ ಆಕಾರದಲ್ಲಿ ಕವಲೊಡೆಸಬಾರದು. ತಡೆ ಕಡಿಮೆ ಇರುವ ಕಡೆಗೇ ಹೆಚ್ಚು ಹರಿದು ಇನ್ನೊಂದು ಮಗು ಬರಿದಾಗುತ್ತದೆ. ಪ್ರತಿ ಮಗುವಿಗೂ ಹರಿವು ತೋರಿಸುವ ಬೇರೆ ಮೀಟರ್ ಇರುವ ಸ್ಟ್ಯಾಂಡ್ ಕಳಿಸಿ. ಪುಟ್ಟ ಮೂಗಿಗೆ ಹೊಂದುವ ನೇಸಲ್ ಪ್ರಾಂಗ್ (ಮೂಗಿನೊಳಗೆ ಇಡುವ ಕಿರು ನಳಿಕೆ), ಶಿಶುವಿಗೆ ಸರಿಹೊಂದುವ ಪ್ರೋಬ್ ಇರುವ, ರಕ್ತದ ಆಕ್ಸಿಜನ್ ಮಟ್ಟ ತೋರಿಸುವ ಪಲ್ಸ್ ಆಕ್ಸಿಮೀಟರ್ ಕೂಡ.

ದಿನನಿತ್ಯದ ಆರೈಕೆ ಸರಳ. ಯಂತ್ರ ಗೋಡೆಯಿಂದ 30 ಸೆಂಟಿಮೀಟರ್ ದೂರವಿರಲಿ. ಹೊರಗಿನ ಸ್ಪಂಜಿನ ಫಿಲ್ಟರನ್ನು ವಾರಕ್ಕೊಮ್ಮೆ, ದೂಳಿನ ಕಾಲದಲ್ಲಿ ಇನ್ನೂ ಬೇಗ, ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಒಣಗುವ ತನಕ ಹಾಕಲು ಎರಡನೆಯದೊಂದು ಇರಲಿ. ಹರಿವು ಕಡಿಮೆಯಾಯಿತು ಎಂದರೆ ಮೊದಲು ಆಕ್ಸಿಜನ್ನಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಬಾಟಲಿಯ ಮುಚ್ಚಳ ನೋಡಿ, ಸೋರಿಕೆ ಹೆಚ್ಚಾಗಿ ಅಲ್ಲೇ.

ಎಲ್ಲ ಯಂತ್ರಗಳೂ ಒಂದೇ ಮಾಡೆಲಿನವಾಗಿರಲಿ. ಹತ್ತು ಬಗೆಯವು ಬಂದರೆ ಹತ್ತು ಬಗೆಯ ಬಿಡಿಭಾಗ ಹುಡುಕಬೇಕಾಗುತ್ತದೆ. ಒಳ ಫಿಲ್ಟರ್, ಫ್ಯೂಸ್, ವಾಲ್ವ್, ಕಂಪ್ರೆಸರ್ ದುರಸ್ತಿ ಕಿಟ್ ಮೊದಲ ಪೆಟ್ಟಿಗೆಯಲ್ಲೇ ಹೋಗಲಿ. ತರಬೇತಿ ಕೊಡುವಾಗ ನರ್ಸುಗಳ ಜೊತೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ನನ್ನೂ ಕೂರಿಸಿ, ಯಂತ್ರ ಬಿಚ್ಚಿ ಜೋಡಿಸುವುದನ್ನು ಅವರ ಕೈಯಲ್ಲೇ ಮಾಡಿಸಿ. ಉಗ್ರಾಣದಲ್ಲಿ ಕಾದಿರಿಸಿದ ಯಂತ್ರವನ್ನೂ ಆಗಾಗ ಕೆಲವು ಗಂಟೆ ಓಡಿಸಲು ಹೇಳಿ. ಸುಮ್ಮನೆ ಬಿದ್ದಿದ್ದರೆ ಜಿಯೋಲೈಟ್ ತೇವ ಹೀರುತ್ತಲೇ ಇರುತ್ತದೆ.