ಒಣಗಿದ ಬ್ರೆಡ್ ಇದ್ರೆ ಪಾಂಜನೆಲ್ಲಾ ಮಾಡಿ

ಮೈಸೂರಲ್ಲಿ ಏಪ್ರಿಲ್ ಬಿಸಿಲು ಏರಿದ್ರೆ ಮಧ್ಯಾಹ್ನ ಒಲೆ ಮುಂದೆ ನಿಲ್ಲೋಕೇ ಮನಸ್ಸು ಬರಲ್ಲ, ಆಗ ನಮ್ಮನೇಲಿ ವಾರಕ್ಕೊಂದ್ಸಲ ಇದೇ ಊಟ. ಇಟಲಿಯ ಟಸ್ಕನಿ ಕಡೆ ಸಲಾಡ್ ಇದು, ಅಲ್ಲಿನ ಹಳೇ ಪದ್ಧತಿ ಬ್ರೆಡ್‌ಗೆ ಉಪ್ಪೇ ಹಾಕಲ್ಲ, ಅದು ಒಣಗಿ ಕಲ್ಲಾದ್ಮೇಲೆ ನೆನೆಸಿ ಹಿಂಡಿ ತರಕಾರಿ ಜೊತೆ ಕಲಸ್ತಾರೆ. ನಾವು ಅವಲಕ್ಕಿಗೆ ಮಾಡೋ ಕೆಲಸಾನೇ ಅಲ್ವಾ, ಅದಕ್ಕೇ ಕೈಗೆ ಬೇಗ ಒಗ್ಗುತ್ತೆ.

ಎಲ್ಲಾ ಇರೋದು ಬ್ರೆಡ್‌ನಲ್ಲೇ. ಸಿಹಿ ಮಿಲ್ಕ್ ಬ್ರೆಡ್ ಬೇಡ, ನೀರು ತಾಗಿದ ತಕ್ಷಣ ಅಂಟಂಟಾಗಿ ಮುದ್ದೆ ಆಗೋಗುತ್ತೆ. ಗಟ್ಟಿ ಹೊರಪದರ ಇರೋ, ಸಕ್ಕರೆ ಹಾಕ್ದಿರೋ ಬ್ರೆಡ್ 250 ಗ್ರಾಂ ತಂದು ದಪ್ಪಗೆ ಕುಯ್ದು ತೆಳು ಬಟ್ಟೆ ಮುಚ್ಚಿ ಎರಡು ದಿನ ಹೊರಗಿಡಿ. ಬೂಸ್ಟು ಬಂದಿದ್ರೆ ಮಾತ್ರ ಪೂರ್ತಿ ಎಸೀರಿ, ಆ ಜಾಗ ಕಿತ್ತು ಉಳಿದಿದ್ದು ತಿನ್ಬೇಡಿ.

ಟೊಮೇಟೊ ಅರ್ಧ ಕೆಜಿ, ಚೆನ್ನಾಗಿ ಹಣ್ಣಾಗಿರೋದು. ನಾನು ದೇವರಾಜ ಮಾರ್ಕೆಟ್‌ನಲ್ಲಿ ನಾಟಿದೇ ಹುಡುಕಿ ತರ್ತೀನಿ, ಆ ಹುಳಿ ಹೈಬ್ರಿಡ್‌ನಲ್ಲಿ ಬರಲ್ಲ. ಹೆಚ್ಚಿ ಉಪ್ಪು ಹಾಕಿ 20 ನಿಮಿಷ ಬಿಡಿ, ಬಿಟ್ಕೊಂಡ ರಸ ಚೆಲ್ಬೇಡಿ, ಅದೇ ಇದರ ಜೀವ. ಅಷ್ಟರಲ್ಲಿ ಒಂದು ಈರುಳ್ಳಿ ತೆಳ್ಳಗೆ ಹೆಚ್ಚಿ ಸ್ವಲ್ಪ ವಿನಿಗರ್ ಹಾಕಿದ ನೀರಲ್ಲಿ ನೆನೆಹಾಕಿ, ಘಾಟು ಹೋಗುತ್ತೆ. ಸೌತೆಕಾಯಿ ಒಂದು ಸಾಕು.

ಈಗ ಬ್ರೆಡ್‌ನ ತಣ್ಣೀರಲ್ಲಿ ಅದ್ದಿ, ಒಳಗಿನವರೆಗೂ ಮೆತ್ತಗಾದ ಕೂಡ್ಲೇ ತೆಗೆದು ಎರಡೂ ಅಂಗೈ ಮಧ್ಯ ಇಟ್ಟು ಗಟ್ಟಿಯಾಗಿ ಹಿಂಡಿ, ಕೈಯಲ್ಲೇ ಉದುರುದುರಾಗಿ ಮುರೀರಿ. ನೀರು ಉಳಿದ್ರೆ ಸಪ್ಪೆ ಆಗುತ್ತೆ, ಎಣ್ಣೆ ಟೊಮೇಟೊ ರಸ ಒಳಗೆ ಹೋಗೋಕೆ ಜಾಗಾನೇ ಇರಲ್ಲ. ತುಂಬಾ ಜನ ಬ್ರೆಡ್ ಹುರಿದು ಹಾಕ್ತಾರೆ, ಗರಿಗರಿಯಾಗಿ ಚೆನ್ನಾಗೇ ಇರುತ್ತೆ, ಆದ್ರೆ ನನಗೆ ನೆನೆಸಿದ್ದೇ ಸರಿ ಅನ್ಸುತ್ತೆ.

ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಎರಡು ಚಮಚ ರೆಡ್ ವೈನ್ ವಿನಿಗರ್, ಕಾಳುಮೆಣಸಿನ ಪುಡಿ, ಎಲ್ಲಾ ಸೇರಿಸಿ ಅರ್ಧ ಗಂಟೆ ಬಿಡಿ. ವಿನಿಗರ್ ಸಿಗ್ಲಿಲ್ವಾ, ನಿಂಬೆಹಣ್ಣು ಹಿಂಡಿ, ರುಚಿ ಬೇರೆ ಆಗುತ್ತೆ ಆದ್ರೆ ಚೆನ್ನಾಗೇ ಇರುತ್ತೆ. ಬೇಸಿಲ್ ಬದಲು ಕಾಮಕಸ್ತೂರಿ ಎಲೆ ಕೊನೇಲಿ ಕೈಯಲ್ಲಿ ಹರಿದು ಹಾಕಿ, ತುಳಸಿ ಬೇಡ, ಅದರ ವಾಸನೆ ಎಲ್ಲಾನೂ ನುಂಗ್ಬಿಡುತ್ತೆ.

ಇನ್ನೊಂದು, ಗೋಣಿ ಸೊಪ್ಪು ಸಿಕ್ಕಿದ್ರೆ ಒಂದು ಹಿಡಿ ಹಾಕಿ. 16ನೇ ಶತಮಾನದಲ್ಲಿ ಫ್ಲಾರೆನ್ಸ್‌ನ ಚಿತ್ರಕಾರ ಬ್ರೊಂಜಿನೊ ಈರುಳ್ಳಿ, ಸೌತೆಕಾಯಿ, ಈ ಸೊಪ್ಪು ಸೇರಿಸಿದ ಬ್ರೆಡ್ ಸಲಾಡ್‌ನ ಪದ್ಯದಲ್ಲಿ ಹೊಗಳಿದ್ದ, ಟೊಮೇಟೊ ಅಮೆರಿಕದಿಂದ ಬಂದು ಈ ಬಟ್ಟಲು ಸೇರಿದ್ದು ಆಮೇಲೆ. ನಾವು ಗದ್ದೆ ಬದುವಿನ ಕಳೆ ಅಂತ ಕೀಳೋ ಸೊಪ್ಪು ಅಲ್ಲಿ ಪದ್ಯಕ್ಕೇ ಸೇರಿದೆ ಅಂದ್ರೆ ಖುಷಿ ಆಗುತ್ತೆ ನಂಗೆ.

ಫ್ರಿಜ್‌ನಲ್ಲಿ ಇಡ್ಬೇಡಿ, ಟೊಮೇಟೊ ರುಚಿ ಸತ್ತೋಗುತ್ತೆ. ಮಾಡಿದ ಹೊತ್ತಿಗೇ ಖಾಲಿ ಮಾಡಿ.