ಇಂಗುಗುಂಡಿ ತೋಡುವ ಮೊದಲು: ನಿಮ್ಮ ಮಣ್ಣು ಎಷ್ಟು ನೀರು ಕುಡಿಯುತ್ತದೆ?

ಸೆಪ್ಟಿಕ್ ಟ್ಯಾಂಕಿನೊಳಗೆ ಗಸಿ ಉಳಿಯುತ್ತದೆ, ನೀರು ಉಳಿಯುವುದಿಲ್ಲ. ಬಂದಷ್ಟು ನೀರೂ ಹೊರಬೀಳುತ್ತದೆ, ಅದನ್ನು ಇಂಗುಗುಂಡಿಯ ಸುತ್ತಲಿನ ಮಣ್ಣೇ ಕುಡಿಯಬೇಕು. ನವಲಗುಂದ, ನರಗುಂದ, ರೋಣದ ಕಡೆ ದಪ್ಪ ಎರಿ, ಅಂದರೆ ಕಪ್ಪು ಜೇಡಿ ಮಣ್ಣು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆ ಮಸಾರಿ (ಕೆಂಪು ಮಣ್ಣು) ಹೆಚ್ಚು. ನಡುವಿನ ಊರುಗಳಲ್ಲಿ ಒಂದು ಪ್ಲಾಟಿನ ಮಣ್ಣು ಪಕ್ಕದ ಪ್ಲಾಟಿನಲ್ಲಿ ಇರುವುದಿಲ್ಲ. ಆದ್ದರಿಂದ ನೆರೆಮನೆಯ ಗುಂಡಿಯ ಅಳತೆಯನ್ನೇ ಗೌಂಡಿಗೆ ಹೇಳಬೇಡಿ.

ಎರಿ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಆಗ ಎರಡು ಕೊಡ ನೀರು ಸುರಿದರೆ ಬಿರುಕಿನೊಳಗೆ ಹರಿದು ಕಾಣೆಯಾಗುತ್ತದೆ, ನೋಡಿದವರು 'ಛಲೋ ಇಂಗತೈತಿ' ಅಂದುಬಿಡುತ್ತಾರೆ. ಅದು ಇಂಗಿದ್ದಲ್ಲ. ನೀರು ಕುಡಿದ ಜೇಡಿ ಹಿಗ್ಗಿ ಬಿರುಕು ಮುಚ್ಚಿದ ಮೇಲೆ ಅದೇ ಮಣ್ಣು ನೀರನ್ನು ಹಿಡಿದು ನಿಲ್ಲಿಸುತ್ತದೆ. ಇಂಗುಗುಂಡಿಯ ಸುತ್ತಲಿನ ಮಣ್ಣು ವರ್ಷವಿಡೀ ಹಸಿಯಾಗಿರುತ್ತದಾದ್ದರಿಂದ ಅಳೆಯಬೇಕಾದದ್ದು ನೆನೆದು ಹಿಗ್ಗಿದ ಮಣ್ಣನ್ನೇ.

ಭಾರತೀಯ ಮಾನಕ ಐಎಸ್ 2470ರ ಎರಡನೇ ಭಾಗ ಹೇಳುವ ವಿಧಾನ ಸರಳ. ಗುಂಡಿ ಬರಲಿರುವ ಜಾಗದಲ್ಲಿ, ಬರಲಿರುವ ಆಳದಲ್ಲೇ, 10ರಿಂದ 30 ಸೆಂ.ಮೀ. ಅಗಲದ ನೆಟ್ಟನೆಯ ಕುಣಿ ತೋಡಿ. ಮೇಲ್ಮಣ್ಣಿನಲ್ಲಿ ಮಾಡಿದ ಪರೀಕ್ಷೆ ಕೆಳಗಿನ ಪದರದ ಬಗ್ಗೆ ಏನನ್ನೂ ಹೇಳದು. ಆಳ ಹೆಚ್ಚಿದ್ದರೆ ಮೊದಲು ಅಗಲವಾದ ಹೊಂಡ ತೆಗೆದು ಅದರ ತಳದಲ್ಲಿ ಕುಣಿ ಮಾಡಿ. ಪಕ್ಕದ ಮಣ್ಣು ಕುಸಿಯುವಂತಿದ್ದರೆ ಆಸರೆ ಕೊಡದೆ ಇಳಿಯಬೇಡಿ. ಒಂದೇ ಕುಣಿಯನ್ನು ನಂಬದೆ ಕನಿಷ್ಠ ಮೂರು ಕಡೆ ನೋಡುವುದು ಒಳ್ಳೆಯದು.

ಹಸಿ ಎರಿಯಲ್ಲಿ ಸಲಿಕೆ ಆಡಿದಾಗ ಗೋಡೆ ಗಿಲಾವು ಮಾಡಿದಂತೆ ನುಣುಪಾಗಿ ಮುಚ್ಚಿಹೋಗುತ್ತದೆ. ಹಾಗೇ ಬಿಟ್ಟರೆ ಒಳ್ಳೆಯ ಮಣ್ಣೂ ಕೆಟ್ಟದ್ದಾಗಿ ಕಾಣುತ್ತದೆ. ಮೊಳೆ ಅಥವಾ ಚೂಪಾದ ಕಬ್ಬಿಣದಿಂದ ಗೋಡೆ, ತಳ ಎರಡನ್ನೂ ಕೆರೆದು, ಉದುರಿದ ಮಣ್ಣನ್ನು ಪೂರ್ತಿ ಹೊರತೆಗೆಯಿರಿ. ತಳಕ್ಕೆ 5 ಸೆಂ.ಮೀ. ಎತ್ತರಕ್ಕೆ ದಪ್ಪ ಕಾಳಿನ ಉಸುಕು ಇಲ್ಲವೇ ಸಣ್ಣ ಖಡಿ (ಜಲ್ಲಿ) ಹಾಕಿ, ನೀರು ಬಿದ್ದಾಗ ತಳ ಕದಡದಿರಲೆಂದು.

ಈಗ ಖಡಿಯ ಮೇಲೆ 30 ಸೆಂ.ಮೀ. ನೀರು ನಿಲ್ಲಿಸಿ, ಇಳಿದಂತೆಲ್ಲ ತುಂಬುತ್ತ ಕನಿಷ್ಠ 4 ತಾಸು ಕಾಯಿರಿ. ಎರಿಯಾದರೆ ರಾತ್ರಿಯಿಡೀ ನೆನೆಸಲೇಬೇಕು; ಅವಸರದವರು ಬಿಟ್ಟುಬಿಡುವ ಹಂತ ಇದೇ.

ಅಳತೆ ಮರುದಿನ, ಮೊದಲು ನೀರು ಹಾಕಿ 24 ತಾಸಾದ ಮೇಲೆ. ಕುಣಿಯ ಬಾಯಿಗೆ ಅಡ್ಡಲಾಗಿ ಅಲುಗದಂತೆ ಒಂದು ಪಟ್ಟಿ ಇಟ್ಟು ಅದರಿಂದಲೇ ಸ್ಕೇಲ್ ಇಳಿಸಿ; ಉದುರುವ ಅಂಚಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಬೆಳಗಿಗೂ ನೀರು ಉಳಿದಿದ್ದರೆ ಮಟ್ಟವನ್ನು ಖಡಿಯ ಮೇಲೆ 15 ಸೆಂ.ಮೀ.ಗೆ ತಂದು, 30 ನಿಮಿಷದಲ್ಲಿ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಕುಣಿ ಬರಿದಾಗಿದ್ದರೆ 15 ಸೆಂ.ಮೀ. ತುಂಬಿ, ಪ್ರತಿ 30 ನಿಮಿಷಕ್ಕೊಮ್ಮೆ 4 ತಾಸು ಅಳೆಯಿರಿ. ಲೆಕ್ಕಕ್ಕೆ ಹಿಡಿಯುವುದು ಕೊನೆಯ ಅಳತೆಯನ್ನು ಮಾತ್ರ. 15 ಸೆಂ.ಮೀ. ನೀರು ಅರ್ಧ ತಾಸಿಗೆ ಮೊದಲೇ ಇಂಗಿಬಿಡುವ ಉಸುಕು ಮಣ್ಣಿನಲ್ಲಿ 10 ನಿಮಿಷಕ್ಕೊಮ್ಮೆ ಒಂದು ತಾಸು ಅಳೆದರೆ ಸಾಕು.

ನೀರು 2.5 ಸೆಂ.ಮೀ. ಇಳಿಯಲು ಎಷ್ಟು ನಿಮಿಷ ಬೇಕು ಎಂಬುದೇ ಮಣ್ಣಿನ ದರ. ಕೊನೆಯ 30 ನಿಮಿಷದಲ್ಲಿ 4 ಸೆಂ.ಮೀ. ಇಳಿದಿದ್ದರೆ ದರ ಸುಮಾರು 19 ನಿಮಿಷ. 204ನ್ನು ಈ ನಿಮಿಷಗಳ ವರ್ಗಮೂಲದಿಂದ ಭಾಗಿಸಿದರೆ, ಒಂದು ಚದರ ಮೀಟರ್ ಮಣ್ಣು ದಿನಕ್ಕೆ ಕುಡಿಯುವ ಲೀಟರ್ ಸಿಗುತ್ತದೆ: ಇಲ್ಲಿ ಸುಮಾರು 47. ಐದು ಮಂದಿಯ ಮನೆಯಿಂದ ದಿನಕ್ಕೆ 450 ಲೀಟರ್ ಬರುತ್ತದೆಂದು ಹಿಡಿದರೆ 9.6 ಚದರ ಮೀಟರ್ ಬೇಕು. ಇಂಗುಗುಂಡಿಯಲ್ಲಿ ಲೆಕ್ಕಕ್ಕೆ ಬರುವುದು ಪೈಪಿನ ಬಾಯಿಯ ಕೆಳಗಿನ ಗೋಡೆ ಮಾತ್ರ, ತಳವಲ್ಲ. ಅಂದರೆ 1.5 ಮೀಟರ್ ವ್ಯಾಸದ ಗುಂಡಿ ಪೈಪಿನಿಂದ ಕೆಳಗೆ 2 ಮೀಟರ್ ಇರಬೇಕು.

ದರ 30 ನಿಮಿಷದೊಳಗಿದ್ದರೆ ಇಂಗುಗುಂಡಿ ನಡೆಯುತ್ತದೆ. 30ರಿಂದ 60 ಇದ್ದರೆ ಖಡಿ ತುಂಬಿದ ಇಂಗುಕಾಲುವೆ ಬೇಕು. ಕಾಲುವೆಯಲ್ಲಿ ಲೆಕ್ಕಕ್ಕೆ ಬರುವುದು ತಳ; ದರ 48 ನಿಮಿಷವಿದ್ದು ಕಾಲುವೆ 90 ಸೆಂ.ಮೀ. ಅಗಲವಿದ್ದರೆ, ಅದೇ ಮನೆಗೆ 17 ಮೀಟರ್ ಉದ್ದ ಬೇಕಾಗುತ್ತದೆ. ಮನೆಯಿಂದ 6 ಮೀಟರ್, ಕುಡಿಯುವ ನೀರಿನ ಬಾವಿ ಅಥವಾ ಬೋರ್‌ವೆಲ್ಲಿನಿಂದ 18 ಮೀಟರ್ ದೂರ ಬಿಡಬೇಕೆಂದ ಮೇಲೆ, 30-40ರ ಸೈಟಿನಲ್ಲಿ ಅದು ಕೂರುವುದೇ ಇಲ್ಲ. ಇದು ಅಡಿಪಾಯ ಹಾಕುವ ಮೊದಲೇ ಗೊತ್ತಾಗಬೇಕು.

60 ನಿಮಿಷ ದಾಟಿದರೆ ಆ ಮಣ್ಣು ಈ ಕೆಲಸಕ್ಕಲ್ಲ. ಗುಂಡಿಯನ್ನು ಎರಿ ದಾಟಿ ಕೆಳಗಿನ ಗರಸಿಗೆ (ಹರಳು ಮಣ್ಣಿಗೆ) ಇಳಿಸುವುದು ರೂಢಿ. ಆಗ ಗರಸಿನ ಆಳದಲ್ಲೇ ಮತ್ತೆ ಪರೀಕ್ಷೆ ಮಾಡಿ, ಮಳೆಗಾಲದಲ್ಲಿ ಅಂತರ್ಜಲ ಏರಿದಾಗಲೂ ಗುಂಡಿಯ ತಳದ ಕೆಳಗೆ 2 ಮೀಟರ್ ಒಣಮಣ್ಣು ಉಳಿಯುತ್ತದೆಯೇ ನೋಡಿ. ಬಂಡೆಯ ಸೀಳು ಸಿಕ್ಕಿ ನೀರು ಗಳಗಳನೆ ಹೋಗತೊಡಗಿದರೆ ಹಿಗ್ಗಬೇಡಿ: ಅದು ಸೋಸದೆ ಹೋಗುತ್ತಿದೆ, ಹೋಗುವ ದಾರಿಯಲ್ಲಿ ಯಾರದೋ ಬೋರ್‌ವೆಲ್ ಇದ್ದೀತು. ಅಂಥಲ್ಲಿ ಟ್ಯಾಂಕಿನ ನಂತರ ಕೆಳಗಿನಿಂದ ಮೇಲಕ್ಕೆ ನೀರು ಹರಿಯುವ ಖಡಿಯ ಫಿಲ್ಟರ್ ಕಟ್ಟಿಸಿ ಸೋಸಿದ ನೀರನ್ನು ಚರಂಡಿಗೆ ಬಿಡಲು ಅನುಮತಿ ಕೇಳಿ, ಇಲ್ಲವೇ ಸೋರದ ಟ್ಯಾಂಕ್ ಕಟ್ಟಿಸಿ ಸಕ್ಕಿಂಗ್ ಗಾಡಿಯಿಂದ ತೆಗೆಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ.