ಟೈಲ್ಸ್ ಮೇಸ್ತ್ರಿಯ ದುಡಿಮೆಯನ್ನು ಕೋರ್ಟಿನಲ್ಲಿ ಸಾಬೀತು ಮಾಡಿದ್ದು

ಎಂ.ವಿ.ಸಿ. ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು ನಡೆಸುವವರಿಗೆಲ್ಲ ಗೊತ್ತಿರುವ ಕತೆ ಇದು. ಬೈಕ್ ಸವಾರ ಕೂಲಿಕಾರನಾಗಿದ್ದರೆ ಆದಾಯಕ್ಕೆ ದಾಖಲೆ ಇರುವುದಿಲ್ಲ. ನ್ಯಾಯಮಂಡಳಿ ಕಾನೂನು ಸೇವೆಗಳ ಪ್ರಾಧಿಕಾರದ ಅಂದಾಜು ಆದಾಯದ ಪಟ್ಟಿಯನ್ನು ನೋಡಿ ಅಪಘಾತದ ವರ್ಷದ ಎದುರಿಗಿರುವ ಅಂಕಿಯನ್ನು ಬರೆದುಕೊಳ್ಳುತ್ತದೆ. 2022ರ ಅಪಘಾತಕ್ಕಾದರೆ ತಿಂಗಳಿಗೆ ಹದಿನೈದು ಸಾವಿರ ಚಿಲ್ಲರೆ. ಆ ಪಟ್ಟಿ ಇರುವುದು ಲೋಕ ಅದಾಲತ್‌ನಲ್ಲಿ ರಾಜಿ ಸುಲಭವಾಗಲಿ ಎಂದು. ಸಾಕ್ಷ್ಯ ಇರುವ ಕಡೆ ಅದಕ್ಕೆ ಕೆಲಸವಿಲ್ಲ. ಈ ಮಾತನ್ನು ನಾಲ್ಕೈದು ವರ್ಷಗಳಿಂದ ಬಾರ್ ರೂಮಿನಲ್ಲಿ ಹೇಳುತ್ತಲೇ ಬಂದೆ, ನಕ್ಕವರೇ ಹೆಚ್ಚು. ಈಗ ಬ್ಯಾಂಕ್ ಖಾತೆಯ ಲೆಕ್ಕದಿಂದಲೇ ಆದಾಯ ಒಪ್ಪಿದ ಒಂದು ತೀರ್ಪು ಬಂದ ಮೇಲೆ ನಕ್ಕವರೇ ಅದರ ನಕಲು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಕ್ಷಿದಾರ ಮೂವತ್ತನಾಲ್ಕರ ಟೈಲ್ಸ್ ಮೇಸ್ತ್ರಿ. ಸಿರಾ ಕಡೆಯಿಂದ ಹೆದ್ದಾರಿಯಲ್ಲಿ ಬರುತ್ತಿದ್ದಾಗ ಸರ್ವಿಸ್ ರಸ್ತೆಯಿಂದ ಗೂಡ್ಸ್ ಟೆಂಪೋ ಒಂದು ಸಿಗ್ನಲ್ ಹಾಕದೆ ಅಡ್ಡ ನುಗ್ಗಿತ್ತು. ಬಲ ಮೊಣಕಾಲಿನ ಕೆಳಗೆ ಟಿಬಿಯಾ ಮೂಳೆಯ ಮೇಲ್ತುದಿ ಪುಡಿಯಾಗಿ ಪ್ಲೇಟು, ಸ್ಕ್ರೂ ಹಾಕಿದ್ದರು. ಎಫ್.ಐ.ಆರ್., ಮಹಜರು, ಐ.ಎಂ.ವಿ. (ಮೋಟಾರು ವಾಹನ ನಿರೀಕ್ಷಕರ) ವರದಿ, ದೋಷಾರೋಪ ಪಟ್ಟಿ ಎಲ್ಲ ನಮ್ಮ ಪರವಾಗಿಯೇ ಇದ್ದವು. ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿ ಐದೂವರೆ ಲಕ್ಷಕ್ಕೆ ಬಂದು ನಿಂತಿತು. ನನ್ನ ಹಿರಿಯರು, "ತೆಗೆದುಕೊಂಡು ಮುಗಿಸಪ್ಪಾ, ಫೋನಿನಲ್ಲಿ ಬಂದ ದುಡ್ಡು ತೋರಿಸಿ ಆದಾಯ ಎಂದರೆ ಯಾವ ಜಡ್ಜ್ ಕೇಳುತ್ತಾರೆ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮೊದಲು ಸೋತದ್ದನ್ನೇ ಹೇಳುತ್ತೇನೆ. ಒಬ್ಬ ಹೂವಿನ ವ್ಯಾಪಾರಿಯ ಕೇಸಿನಲ್ಲಿ ಫೋನಿನ ಪಾವತಿ ಪರದೆಗಳ ಚಿತ್ರ ತೆಗೆದು, ಮುದ್ರಿಸಿ, ಕಟ್ಟು ಕಟ್ಟಿ ಹಾಜರುಪಡಿಸಿದ್ದೆವು. ಯಾವ ಫೋನು, ತೆಗೆದವರು ಯಾರು, ವಿದ್ಯುನ್ಮಾನ ದಾಖಲೆಗೆ ಹಳೆಯ ಸಾಕ್ಷ್ಯ ಕಾಯ್ದೆ ಕೇಳುತ್ತಿದ್ದ 65-ಬಿ ಪ್ರಮಾಣಪತ್ರ ಎಲ್ಲಿ ಎಂದು ವಿಮಾ ಕಂಪನಿಯ ಪ್ಯಾನೆಲ್ ವಕೀಲರು ಹಿಡಿದುಕೊಂಡರು. ಆಕ್ಷೇಪಣೆಗೆ ಒಳಪಟ್ಟು ಗುರುತಿಸಿದ ಆ ಕಟ್ಟಿನ ಬಗ್ಗೆ ತೀರ್ಪಿನಲ್ಲಿ ಒಂದೇ ಸಾಲು ಇತ್ತು. ಆಮೇಲೆ ಒಬ್ಬ ವೆಲ್ಡಿಂಗ್ ಕೆಲಸಗಾರ. ಅವನಿಗೆ ಬ್ಯಾಂಕಿನ ಸ್ಟೇಟ್‌ಮೆಂಟನ್ನೇ ತಂದೆವು. ಖಾತೆಗೆ ತಿಂಗಳಿಗೆ ಎಂಬತ್ತು ಸಾವಿರದಷ್ಟು ಬಂದಿತ್ತು. "ಇಷ್ಟು ಆದಾಯವಿದ್ದರೆ ಆದಾಯ ತೆರಿಗೆ ಏಕೆ ಕಟ್ಟಿಲ್ಲ?" ಎಂಬ ಒಂದೇ ಪ್ರಶ್ನೆಗೆ ಅವನು ಬೆವರಿದ. ಕಬ್ಬಿಣ ತರಲು ಗಿರಾಕಿ ಕಳಿಸಿದ್ದು, ಭಾವಮೈದುನನ ಕೈಸಾಲ, ಚೀಟಿ ದುಡ್ಡು, ಎಲ್ಲವೂ ಅದೇ ಖಾತೆಯಲ್ಲಿ ಕಲಸಿಹೋಗಿತ್ತು. ಕೊನೆಗೆ ಮತ್ತೆ ಪಟ್ಟಿಯ ಅಂಕಿಯೇ ಗತಿಯಾಯಿತು.

ಮೇಸ್ತ್ರಿಯ ಕೇಸಿನಲ್ಲಿ ಫೋನನ್ನು ಮುಟ್ಟಲೇ ಇಲ್ಲ. ಯುಪಿಐ ಹಣ ಹೇಗೂ ಬ್ಯಾಂಕಿಗೇ ಬರುತ್ತದೆ. ಅಪಘಾತಕ್ಕೆ ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟನ್ನು 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಪ್ರಕಾರ ದೃಢೀಕರಿಸಿ ಕೊಡಿ ಎಂದು ಶಾಖೆಗೆ ಅರ್ಜಿ ಹಾಕಿದೆವು. ಮೊದಲು ಬರೀ ಮೊಹರು ಒತ್ತಿ ಕೊಟ್ಟರು. ಅದು ಸಾಲದು, ಪ್ರಮಾಣಪತ್ರದ ಒಕ್ಕಣೆ ಇರಲೇಬೇಕು. ಒಕ್ಕಣೆಯನ್ನು ನಾವೇ ಬೆರಳಚ್ಚು ಮಾಡಿಸಿಕೊಂಡು ಹೋದ ಮೇಲೆ ವ್ಯವಸ್ಥಾಪಕರು ಸಹಿ ಹಾಕಿದರು.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಮೇಸ್ತ್ರಿಯನ್ನು ಎದುರಿಗೆ ಕೂರಿಸಿಕೊಂಡು ಸಂಜೆ ಸಂಜೆ ಸಾಲು ಸಾಲಾಗಿ ಗುರುತು ಹಾಕುತ್ತಾ ಬಂದೆ. ಕೂಲಿಗೆ ನೀಲಿ ಪೆನ್ಸಿಲ್, ಸಾಮಾನಿಗೆ ಕೆಂಪು, ಮನೆಯ ವ್ಯವಹಾರಕ್ಕೆ ಹಸಿರು. ಮನೆ ಮಾಲೀಕ ಹದಿನಾಲ್ಕು ಸಾವಿರ ಕಳಿಸಿರುತ್ತಾನೆ, ಮರುದಿನವೇ ಒಂಬತ್ತು ಸಾವಿರ ಹಾರ್ಡ್‌ವೇರ್ ಅಂಗಡಿಗೆ ಹೋಗಿರುತ್ತದೆ: ಅಂಟು, ಗ್ರೌಟ್, ಸ್ಪೇಸರ್. ಶನಿವಾರ ಇಬ್ಬರು ಸಹಾಯಕರಿಗೆ ಬಟವಾಡೆ. ಎಲ್ಲವನ್ನೂ ನಾವೇ ಕಳೆದೆವು. ಎದುರಿನವರು ಕಡಿಯಬಹುದಾದ ಕೊಂಬೆಯನ್ನೆಲ್ಲ ನಾವೇ ಮೊದಲು ಕಡಿದಿಟ್ಟರೆ ಅವರ ಕೊಡಲಿಗೆ ಕೆಲಸವಿರುವುದಿಲ್ಲ. ಅಷ್ಟು ಕಳೆದರೂ ತಿಂಗಳಿಗೆ ಸರಾಸರಿ ಇಪ್ಪತ್ತನಾಲ್ಕು ಸಾವಿರದಷ್ಟು ಉಳಿಯಿತು. ತೆರಿಗೆಯ ಪ್ರಶ್ನೆಗೂ ಅದರಲ್ಲೇ ಉತ್ತರವಿತ್ತು, ವರ್ಷಕ್ಕೆ ಮೂರು ಲಕ್ಷ ದಾಟದವನು ಕಟ್ಟುವುದೇನು?

ಈ ಲೆಕ್ಕವನ್ನು ಒಂದೇ ಹಾಳೆಗೆ ಇಳಿಸಿ ಮುಖ್ಯ ವಿಚಾರಣೆಯ ಅಫಿಡವಿಟ್ಟಿಗೆ ಲಗತ್ತಿಸಿದೆ. ಆ ಹಾಳೆಯ ನಮೂನೆಯನ್ನು ನನ್ನ ಜೂನಿಯರಿಗೂ ಕೊಟ್ಟಿಲ್ಲ, ಇಲ್ಲಿಯೂ ಕೊಡುವುದಿಲ್ಲ. ಗುತ್ತಿಗೆದಾರನೊಬ್ಬನನ್ನೂ ಇಬ್ಬರು ಮನೆ ಮಾಲೀಕರನ್ನೂ ಸಾಕ್ಷಿ ಕಟ್ಟೆಗೆ ಹೇಗೆ ಕರೆತಂದೆ ಎಂದು ಕೇಳುವವರಿದ್ದಾರೆ. ಗುತ್ತಿಗೆದಾರರು ಕೋರ್ಟಿನ ಗೇಟು ಕಂಡರೆ ಹಿಂದೆ ತಿರುಗುವವರು. ಅದಕ್ಕೊಂದು ದಾರಿ ಇದೆ, ಸಮನ್ಸ್ ಅಲ್ಲ ಎಂದಷ್ಟೇ ಹೇಳಬಲ್ಲೆ.

ಇನ್ನು ಅಂಗವೈಕಲ್ಯದ ಪಾಲು. ನಮ್ಮ ಕಡೆಯ ರೂಢಿ ಗೊತ್ತಲ್ಲ: ಡಾಕ್ಟರು ಕಾಲಿಗೆ ನಲವತ್ತೈದು ಎನ್ನುತ್ತಾರೆ, ಇಡೀ ದೇಹಕ್ಕೆ ಮೂರನೇ ಒಂದು ಎಂದು ಹದಿನೈದಕ್ಕೆ ಇಳಿಯುತ್ತದೆ. ಹದಿನೈದೂವರೆ ಸಾವಿರದ ಆದಾಯ, ಹದಿನೈದು ಶೇಕಡಾ, ವಯಸ್ಸಿಗೆ ತಕ್ಕ ಗುಣಕ (ಎಷ್ಟು ವರ್ಷದ ಆದಾಯ ಎಂಬ ಅಂಕಿ) 16. ಹೆಚ್ಚೂಕಡಿಮೆ ನಾಲ್ಕೂವರೆ ಲಕ್ಷ. ಮಿಕ್ಕ ಬಾಬ್ತು ಸೇರಿ ಕಂಪನಿಯ ಐದೂವರೆ ಲಕ್ಷ ಬಂದದ್ದು ಇದೇ ಲೆಕ್ಕದಿಂದ. ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿತು ಎಂಬುದನ್ನು ವೃತ್ತಿಯ ಜೊತೆಗಿಟ್ಟು ನೋಡಬೇಕೆಂದು 2010ರಲ್ಲೇ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಾದದಲ್ಲಿ ಎಲ್ಲರೂ ಅದನ್ನು ಓದುತ್ತಾರೆ, ಸಾಕ್ಷ್ಯದಲ್ಲಿ ಅದಕ್ಕೆ ಬೇಕಾದ್ದನ್ನು ಯಾರೂ ತರುವುದಿಲ್ಲ. ನಾನು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರನ್ನೇ ಕರೆಸಿದೆ. ಬತ್ತೆ, ಕಾರು ಸೇರಿ ಆರೇಳು ಸಾವಿರ ಹೋಯಿತು. ಶೇಕಡಾ ಎಷ್ಟು ಎಂಬುದನ್ನು ಕೊನೆಗಿಟ್ಟು, ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಮೊದಲು ಕೇಳಿದೆ. ತೊಂಬತ್ತರ ಆಸುಪಾಸು ಎಂದರು. ಕುಕ್ಕರಗಾಲಿನಲ್ಲಿ ಕೂರಬಲ್ಲನೇ? ಇಲ್ಲ. ಮಂಡಿಯೂರಿ ಅರ್ಧ ಗಂಟೆ ಕೆಲಸ ಮಾಡಬಲ್ಲನೇ? ಇಲ್ಲ. ಮುಂದೆ ಸರಿಹೋಗುವ ಸಾಧ್ಯತೆ? ಕಡಿಮೆ, ಕೀಲು ಸವೆಯುವ ಸಾಧ್ಯತೆಯೇ ಹೆಚ್ಚು.

ಪಾಟೀ ಸವಾಲಿನಲ್ಲಿ ಪ್ಯಾನೆಲ್ ವಕೀಲರು ಮೇಸ್ತ್ರಿಗೆ ಒಳ್ಳೆಯ ಪ್ರಶ್ನೆಯನ್ನೇ ಹಾಕಿದರು: "ನೆಲಕ್ಕೆ ಆಗದಿದ್ದರೆ ನಿಂತುಕೊಂಡು ಗೋಡೆಗೆ ಟೈಲ್ಸ್ ಹಾಕಬಹುದಲ್ಲ?" ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ. "ಸ್ವಾಮಿ, ಗೋಡೆಯ ಮೊದಲ ಸಾಲು ಬುಡದಲ್ಲೇ ಕೂರಿಸಬೇಕು. ಕೆಳಗೆ ಕೂತು ರಸಮಟ್ಟ ಹಿಡಿಯದಿದ್ದರೆ ಮೇಲಿನ ಸಾಲೆಲ್ಲ ಓರೆಯಾಗುತ್ತದೆ" ಎಂದ. ನ್ಯಾಯಾಧೀಶರು ಆ ಉತ್ತರವನ್ನು ಅವನ ಮಾತಿನಲ್ಲೇ ಬರೆಸಿದರು. ಮುಂದೆ ತೀರ್ಪಿನಲ್ಲೂ ಅದು ಬಂತು.

ಡಿ.ಎಲ್. ಅವಧಿ ಮುಗಿದಿದೆ, ಹೆಲ್ಮೆಟ್ ಇರಲಿಲ್ಲ ಎಂಬ ಹಾಡನ್ನೂ ಹಾಡಿದರು. ಡಿ.ಎಲ್. ಇಲ್ಲ ಎಂಬುದೊಂದರಿಂದಲೇ ಸವಾರನ ಪಾಲಿನ ನಿರ್ಲಕ್ಷ್ಯವಾಗದು ಎನ್ನಲು ಸುಪ್ರೀಂ ಕೋರ್ಟಿನ 2008ರ ಸುಧೀರ್ ಕುಮಾರ್ ರಾಣಾ ತೀರ್ಪು ಸಾಕು. ಮೊಣಕಾಲಿಗೆ ಹೆಲ್ಮೆಟ್ ಹಾಕುವುದಿಲ್ಲವಾದ್ದರಿಂದ ಇನ್ನೊಂದಕ್ಕೆ ಉತ್ತರವನ್ನೇ ಕೊಡಲಿಲ್ಲ.

ಇದೇ ಕೇಸಿನಲ್ಲಿ ಇನ್ನೆರಡು ಪ್ರಯೋಗ ಮಾಡಿದ್ದೆ. ಮೇಸ್ತ್ರಿಯ ಫೋನಿನಲ್ಲಿದ್ದ ಸಂಚಾರದ ದಾಖಲೆಯಿಂದ ಬೈಕಿನ ವೇಗ ತೋರಿಸಲು ಹೋದೆ. ಎರಡು ಗುರುತುಗಳ ನಡುವೆ ಮೂರ್ನಾಲ್ಕು ನಿಮಿಷದ ಅಂತರವಿದ್ದರೆ ವೇಗ ಎಲ್ಲಿಂದ ಸಿಗಬೇಕು? ಕೈಬಿಟ್ಟೆ. ಇನ್ನೊಂದು ಪೆಟ್ರೋಲ್ ಬಂಕಿನ ಕ್ಯಾಮೆರಾ. ಕಕ್ಷಿದಾರ ನನ್ನ ಬಳಿ ಬರುವಷ್ಟರಲ್ಲಿ ಒಂದು ತಿಂಗಳು ದಾಟಿತ್ತು, ಹಳೆಯ ದೃಶ್ಯದ ಮೇಲೆ ಹೊಸದು ಕೂತಿತ್ತು. ಈಗ ಯಾರಾದರೂ ಆಸ್ಪತ್ರೆಯಿಂದ ಫೋನು ಮಾಡಿದರೆ ಆ ದಿನವೇ ಬಂಕಿಗೂ ಠಾಣೆಗೂ ಪತ್ರ ಹೋಗುತ್ತದೆ. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿ ಹಾಕಲು ಮೋಟಾರು ವಾಹನ ಕಾಯ್ದೆಯ 166(3)ರ ಆರು ತಿಂಗಳ ಗಡುವೂ ಇರುವುದರಿಂದ ಗಾಯ ಮಾಯಲಿ ಎಂದು ಕಾಯುವ ಹಳೆಯ ಅಭ್ಯಾಸವನ್ನು ನಮ್ಮ ಕಚೇರಿಯಲ್ಲಿ ನಿಲ್ಲಿಸಿದ್ದೇವೆ.

ತೀರ್ಪು ಬಂತು. ಆದಾಯ ಇಪ್ಪತ್ತೆರಡು ಸಾವಿರ, ಗಳಿಕೆಯ ನಷ್ಟ ಶೇ. 30, ಭವಿಷ್ಯದ ಆದಾಯ ಹೆಚ್ಚಳಕ್ಕೆ ಶೇ. 40. ನಾನು ಕೇಳಿದ್ದು ಇಪ್ಪತ್ತನಾಲ್ಕು ಸಾವಿರ ಮತ್ತು ಶೇ. 40ರ ನಷ್ಟ, ಚೌಕಾಸಿಯಲ್ಲಿ ಅಷ್ಟು ಹೋಗುವುದೇ. ಹೆಚ್ಚಳದ ಬಗ್ಗೆ ಕಂಪನಿಯವರು ಅದು ಸಾವಿನ ಕೇಸಿಗೆ ಮಾತ್ರ ಎಂದರು. ಗಾಯದ ಕೇಸಿಗೂ ಉಂಟು ಎಂಬ ಸುಪ್ರೀಂ ಕೋರ್ಟಿನ 2020ರ ಪಪ್ಪು ದೇವ್ ಯಾದವ್ ತೀರ್ಪನ್ನು ಮುಂದಿಟ್ಟೆ. ಹೆಚ್ಚಳವೂ ಸೇರಿ ಗಳಿಕೆಯ ನಷ್ಟ ಎಂಬ ಒಂದು ಬಾಬ್ತಿಗೇ ಹದಿನೇಳು ಮುಕ್ಕಾಲು ಲಕ್ಷದಷ್ಟು ಆಯಿತು. ಆಸ್ಪತ್ರೆ ಬಿಲ್ಲು, ನೋವು, ಮಲಗಿದ್ದ ತಿಂಗಳುಗಳ ಕೂಲಿ ಎಲ್ಲ ಸೇರಿ ಇಪ್ಪತ್ತೆರಡೂವರೆ ಲಕ್ಷದ ಹತ್ತಿರ, ಶೇ. 6 ಬಡ್ಡಿ. ಮೂವತ್ತು ದಿನದಲ್ಲಿ ಠೇವಣಿ ಇಡಬೇಕೆಂದು ಕಾಯ್ದೆ ಹೇಳಿದರೂ ಕಂಪನಿ ಮೇಲ್ಮನವಿಯ ತೊಂಬತ್ತು ದಿನ ಕಳೆಯುವವರೆಗೆ ಸುಮ್ಮನಿತ್ತು. ತೀರ್ಪನ್ನು ಜಾರಿ ಮಾಡಿಸಿ ಎಂದು ಅಮಲ್ಜಾರಿ ಅರ್ಜಿ ಹಾಕಿದ ಮೇಲೆ ದುಡ್ಡು ಬಂತು.

ಖರ್ಚು? ಡಾಕ್ಟರು, ನಕಲುಗಳು, ಸಾಕ್ಷಿಗಳ ಓಡಾಟ ಸೇರಿ ನನ್ನ ಕೈಯಿಂದ ಇಪ್ಪತ್ತು ಸಾವಿರದ ಒಳಗೆ. ಫೀಸನ್ನು ಮೊದಲೇ ಒಂದು ಮೊತ್ತಕ್ಕೆ ಮಾತಾಡಿಕೊಂಡಿದ್ದೆ. ಶೇಕಡಾವಾರು ತೆಗೆದುಕೊಂಡಿದ್ದರೆ ನಾಲ್ಕು ಲಕ್ಷ ಬರುತ್ತಿತ್ತು ಎಂದು ಲೆಕ್ಕ ಹಾಕಿ ಮರುಗಿದ ಸಹೋದ್ಯೋಗಿಗಳಿದ್ದಾರೆ. ಗೆದ್ದ ಹಣದಲ್ಲಿ ವಕೀಲ ಪಾಲು ಕೇಳಬಾರದೆಂಬ ಬಾರ್ ಕೌನ್ಸಿಲ್ ನಿಯಮ ಅವರಿಗೂ ಗೊತ್ತು.

ಈಗ ಮೇಜಿನ ಮೇಲಿರುವುದು ಮನೆಮನೆಗೆ ಊಟ ತಲುಪಿಸುವ ಹುಡುಗನ ಕೇಸು. ಅವನಿಗೆ ವಾರ ವಾರ ಕಂಪನಿಯಿಂದಲೇ ಹಣ ಬಂದಿದೆ, ಆದಾಯದ ದಾಖಲೆಗೆ ಬರವಿಲ್ಲ. ಆದರೆ ಪೆಟ್ರೋಲನ್ನು ಅರ್ಧ ಯುಪಿಐನಲ್ಲಿ, ಅರ್ಧ ನಗದಿನಲ್ಲಿ ಹಾಕಿಸಿದ್ದಾನೆ. ನಗದಿನ ಪಾಲನ್ನು ಹೇಗೆ ಕಳೆಯುವುದೆಂದು ಬೈಕಿನ ಸರ್ವಿಸ್ ಬಿಲ್ಲುಗಳಲ್ಲಿರುವ ಕಿಲೋಮೀಟರ್ ಓದಿನಿಂದ ಲೆಕ್ಕ ಹಾಕುತ್ತಿದ್ದೇನೆ. ಹೊಸ ಕೇಸಾದ್ದರಿಂದ ಇದಕ್ಕೆ 65-ಬಿ ಬದಲು ಬಂದಿರುವ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಅದರ ಎರಡನೆಯ ಭಾಗಕ್ಕೆ ಸಹಿ ಹಾಕುವ ತಜ್ಞರು ನಮ್ಮ ಊರಿನಲ್ಲಿ ಇನ್ನೂ ಸಿಕ್ಕಿಲ್ಲ.